ಖಡಕ್ ರೊಟ್ಟಿಯ ಮೇಲೆ ಆಡಿನ ಹಾಲಿನ ಚೀಸ್

ಕಲಬುರಗಿಯಲ್ಲಿ ಆಡಿನ ಹಾಲಿಗೆ ಜನ ಹುಡುಕಾಡುವುದು ಹೆಚ್ಚಾಗಿ ಡೆಂಗಿ ಜ್ವರ ಹರಡಿದ ದಿನಗಳಲ್ಲಿ. ಅದು ಪ್ಲೇಟ್‌ಲೆಟ್ ಏರಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ವೈದ್ಯಕೀಯ ಪುರಾವೆಯಿಲ್ಲ. ಆದರೆ ಆಹಾರವಾಗಿ ಆ ಹಾಲು ನಮ್ಮ ಗಮನಕ್ಕೆ ಯೋಗ್ಯವಾದದ್ದು. ನಮ್ಮ ಸೀಮೆಯ ಉಸ್ಮಾನಾಬಾದಿ ಆಡುಗಳನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕುವುದರಿಂದ, ತಾಜಾ ಚೀಸ್‌ಗಾಗಿ ನಾನು ಬೆಂಗಳೂರಿನ ಒಂದು ಸಣ್ಣ ಡೈರಿಯನ್ನು ಅವಲಂಬಿಸಬೇಕಾಯಿತು. ಈ ಚಳಿಗಾಲದಲ್ಲಿ 150 ಗ್ರಾಮಿನ ಡಬ್ಬಿಯನ್ನು ಮೂರು ಸಲ ತರಿಸಿದ್ದೇನೆ.

ಆಡಿನ ದೇಹವು ಮೇವಿನಲ್ಲಿರುವ ಹಳದಿ ಬಣ್ಣದ ಕ್ಯಾರೋಟಿನ್ ಅನ್ನು ವಿಟಮಿನ್ 'ಎ' ಆಗಿ ಪರಿವರ್ತಿಸಿಬಿಡುವುದರಿಂದ ಈ ಚೀಸ್ ಅಚ್ಚ ಬಿಳುಪಾಗಿರುತ್ತದೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದಂತಹ ಮೃದುತ್ವ, ನಾಲಿಗೆಯ ಅಂಚಿನಲ್ಲಿ ನಿಲ್ಲುವ ಹುಳಿ, ಹಿಂದೆಯೇ ಆಡಿನ ಹಾಲಿನದೇ ಆದ ಒಂದು ವಾಸನೆ. ಆ ವಾಸನೆಗೆ ಕಾರಣವಾದ ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಕೊಬ್ಬಿನಾಮ್ಲಗಳ ಹೆಸರು ಹುಟ್ಟಿದ್ದೇ ಆಡನ್ನು ಸೂಚಿಸುವ ಲ್ಯಾಟಿನ್ ಪದದಿಂದ.

ಇಂತಹ ಮೃದು ಚೀಸ್‌ನ 100 ಗ್ರಾಮಿನಲ್ಲಿ ಸುಮಾರು 264 ಕ್ಯಾಲೊರಿ, 18 ಗ್ರಾಂ ಪ್ರೋಟೀನ್ ಮತ್ತು 21 ಗ್ರಾಂ ಕೊಬ್ಬು ಇರುತ್ತವೆ. ಕೊಬ್ಬಿನ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಆದ್ದರಿಂದ ದಿನಕ್ಕೆ 30 ಗ್ರಾಂ ಸಾಕೆಂದು ನನ್ನ ಅಭಿಪ್ರಾಯ. ಕ್ಯಾಲ್ಸಿಯಂ ಮಾತ್ರ ನಿರೀಕ್ಷೆಗಿಂತ ಕಡಿಮೆ, ಸುಮಾರು 140 ಮಿಲಿಗ್ರಾಂ. ಹಾಲು ನಿಧಾನವಾಗಿ ಹುಳಿಯಾಗುವಾಗ ಕ್ಯಾಲ್ಸಿಯಂ ಕರಗಿ, ಸೋರುವ ನೀರಿನೊಂದಿಗೆ ಹೊರಟುಹೋಗುವುದೇ ಇದಕ್ಕೆ ಕಾರಣ. ಆಕಳ ಹಾಲು ಅಲರ್ಜಿ ಇರುವವರು ಇದನ್ನು ಸುರಕ್ಷಿತವೆಂದು ಭಾವಿಸಬಾರದು, ಏಕೆಂದರೆ ಎರಡರ ಪ್ರೋಟೀನುಗಳು ಬಹಳ ಹತ್ತಿರದವು. ಹಸಿ ಹಾಲಿನಿಂದ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲುವ ಅಪಾಯವಿರುವುದರಿಂದ, ಡಬ್ಬಿಯ ಮೇಲೆ 'ಪಾಶ್ಚರೀಕರಿಸಿದ ಹಾಲು' ಎಂದಿರುವುದನ್ನು ಎಲ್ಲರೂ, ಅದರಲ್ಲೂ ಗರ್ಭಿಣಿಯರು, ನೋಡಿಕೊಂಡೇ ಕೊಳ್ಳಬೇಕು.

ಅಡುಗೆಮನೆಯಲ್ಲಿ ಇದನ್ನು ಪನೀರಿನಂತೆ ಹುರಿಯಲು ಹೋಗಿ ನಿರಾಶಳಾದೆ. ಇದು ತುಂಡಾಗಿ ನಿಲ್ಲದು, ಎಳೆಯೆಳೆಯಾಗಿ ಕರಗುವುದೂ ಇಲ್ಲ. ಹುಳಿಯ ಮೇಲೆ ಹುಳಿಯಾಗುವುದರಿಂದ ಪುಂಡಿ ಪಲ್ಯಕ್ಕೂ ಹೊಂದಲಿಲ್ಲ. ಆದರೆ ಒಲೆಯಿಂದಿಳಿಸಿದ ಮೆಂತ್ಯೆ ಪಲ್ಯಕ್ಕೆ ಎರಡು ಚಮಚ ಬೆರೆಸಿದಾಗ ಸೊಪ್ಪಿನ ಕಹಿ ಹದಕ್ಕೆ ಬಂದಿತು. ಎಲ್ಲಕ್ಕಿಂತ ಮೆಚ್ಚಿದ್ದು ಖಡಕ್ ಜೋಳದ ರೊಟ್ಟಿಯ ಮೇಲೆ ತೆಳುವಾಗಿ ಸವರಿ, ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ, ಹಸಿ ಉಳ್ಳಾಗಡ್ಡಿಯೊಂದಿಗೆ ತಿಂದದ್ದು. ಚೀಸ್‌ನಲ್ಲೇ ಉಪ್ಪಿರುವುದರಿಂದ ಹಿಂಡಿಗೆ ಉಪ್ಪು ಕಡಿಮೆ ಹಾಕಿದರೆ ಒಳ್ಳೆಯದು. ನಮ್ಮ ತಾಯಿಯವರು ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿಯ) ಜೊತೆಗೆ ಅದನ್ನೇ ಕೇಳಿ ಪಡೆದರು.

ದೂರು ಇರುವುದು ಸಾಗಣೆಯ ಬಗ್ಗೆ. ಎರಡನೆಯ ಸಲ ಮಂಜುಗಡ್ಡೆಯ ಚೀಲಗಳು ಪೂರ್ತಿ ಕರಗಿ, ಡಬ್ಬಿ ಬೆಚ್ಚಗೆ ಕೈಸೇರಿದ್ದರಿಂದ ಎಸೆಯಬೇಕಾಯಿತು. ಡಿಸೆಂಬರಿನಲ್ಲೇ ಹೀಗಾದರೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತರಿಸುವ ಧೈರ್ಯ ನನಗಿಲ್ಲ. ಮುಂದಿನ ಡಬ್ಬಿ ದೀಪಾವಳಿ ಕಳೆದ ಮೇಲೆಯೇ.