ಕ್ಯೂಆರ್ ಕೋಡ್ ಪ್ರಿಂಟ್ ಮಾಡಿಸುವ ಮೊದಲು ಆ ಲಿಂಕ್ ನೇರವಾಗಿ ತೆರೆದು ನೋಡಿ

ಹೊಸ ವೆಬ್‌ಸೈಟ್ ಮಾಡಿಸಿದ್ದೀರಾ? ಮುಖಪುಟದಿಂದ ಕ್ಲಿಕ್ ಮಾಡುತ್ತಾ ಹೋದರೆ ಎಲ್ಲ ಪುಟಗಳೂ ತೆರೆಯುತ್ತಿವೆಯಾ? ಅಷ್ಟಕ್ಕೇ ನಂಬಿ ಪೂರ್ತಿ ದುಡ್ಡು ಕೊಡಬೇಡಿ. ಯಾವುದಾದರೂ ಒಳಪುಟಕ್ಕೆ ಹೋಗಿ ಒಮ್ಮೆ ರಿಫ್ರೆಶ್ ಒತ್ತಿ. ‘404 ನಾಟ್ ಫೌಂಡ್’, ಅಂದರೆ ‘ಪುಟ ಸಿಗಲಿಲ್ಲ’ ಅಂತ ಬಂದರೆ ಕೆಲಸ ಇನ್ನೂ ಮುಗಿದಿಲ್ಲ ಅಂತಲೇ ತಿಳಿಯಿರಿ.

ಬೀದರ್‌ನ ಚೌಬಾರಾ ಹತ್ತಿರ ನಮ್ಮ ಭಾವನದು ಬಿದರಿ ಸಾಮಾನಿನ ಅಂಗಡಿ. ಲೆಕ್ಕ, ಆರ್ಡರ್, ಕಂಪ್ಯೂಟರ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. 2023ರಲ್ಲಿ ನಮ್ಮೂರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ನಮ್ಮಂಥ ಸಣ್ಣ ಅಂಗಡಿಗೂ ದೂರದೂರದಿಂದ ಫೋನ್ ಬರತೊಡಗಿದವು. ಎಲ್ಲರದ್ದೂ ಒಂದೇ ಪ್ರಶ್ನೆ: ಈ ಕಪ್ಪು ಬಣ್ಣ ಪೇಂಟಾ? ಅಲ್ಲ ಸ್ವಾಮಿ. ಹದಿನಾರು ಪಾಲು ಸತು, ಒಂದು ಪಾಲು ತಾಮ್ರದ ಎರಕ ಅದು. ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣು ಮತ್ತು ನವಸಾಗರ ಕದಡಿದ ನೀರಿನಲ್ಲಿ ಅದ್ದಿದಾಗ ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇದನ್ನೇ ಎಷ್ಟು ಸಲ ಹೇಳುವುದು ಅಂತ ಪ್ರತಿ ಸಾಮಾನಿಗೂ ಒಂದು ಪುಟ ಮಾಡಿಸಿದೆವು. ಸುರಾಹಿಗೆ (ಹೂಜಿಗೆ) ಒಂದು, ಪಾನ್‌ದಾನ್‌ಗೆ ಒಂದು, ಹೀಗೆ. ಆ ಪುಟದ ಕ್ಯೂಆರ್ ಕೋಡ್ ಇರುವ ಕಾರ್ಡ್ ಪ್ರಿಂಟ್ ಹಾಕಿಸಿ ಡಬ್ಬಿಯೊಳಗೆ ಇಟ್ಟೆವು.

ಸೈಟ್ ಮಾಡಿಕೊಟ್ಟವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ತೋರಿಸಿದರು. ಚಂದವಾಗಿಯೇ ಇತ್ತು, ಸುಳ್ಳು ಹೇಳಬಾರದು. ಆಮೇಲೆ ಹೈದರಾಬಾದ್‌ನಿಂದ ಒಬ್ಬ ಗಿರಾಕಿ ಫೋಟೊ ಕಳಿಸಿದರು. ಕಾರ್ಡ್ ಸ್ಕ್ಯಾನ್ ಮಾಡಿದರೆ ಬಿಳಿ ಪುಟ, ಮೇಲೆ ದಪ್ಪಕ್ಷರದಲ್ಲಿ 404. ‘ಇದು ಅಸಲಿ ಬಿದರಿ ಹೌದಾ?’ ಅಂತ ಕೆಳಗೆ ಬರೆದಿದ್ದರು. ಸಿಟ್ಟು ಬರುವುದು ಇಂಥ ಕಡೆ. ಸಾಮಾನು ಅಸಲಿ, ಲಿಂಕ್ ಸತ್ತಿದೆ, ಅನುಮಾನ ಮಾತ್ರ ಸಾಮಾನಿನ ಮೇಲೆ.

ಯಾಕೆ ಹೀಗಾಗುತ್ತದೆ? ಇಂಥ ಸೈಟ್‌ಗಳಿಗೆ ಸಿಂಗಲ್ ಪೇಜ್ ಅಪ್ಲಿಕೇಶನ್ ಅನ್ನುತ್ತಾರೆ. ಸರ್ವರ್‌ನಲ್ಲಿ, ಅಂದರೆ ಸೈಟಿನ ಫೈಲ್ ಇಟ್ಟಿರುವ ಕಂಪ್ಯೂಟರ್‌ನಲ್ಲಿ, ನಿಜವಾಗಿ ಇರುವುದು ಒಂದೇ ಪುಟ, ಇಂಡೆಕ್ಸ್ ಫೈಲ್. ನೀವು ಕ್ಲಿಕ್ ಮಾಡಿದಾಗ ಜಾವಾಸ್ಕ್ರಿಪ್ಟ್ ಬ್ರೌಸರ್‌ನೊಳಗೇ ವಿಳಾಸ ಬದಲಿಸಿ ಬೇರೆ ಪುಟ ತೋರಿಸುತ್ತದೆ. ಆ ಪುಟಕ್ಕಾಗಿ ಸರ್ವರ್‌ನ ಬಾಗಿಲು ತಟ್ಟುವುದೇ ಇಲ್ಲ. ಅಂಗಡಿಯೊಳಗೆ ಬಂದವರಿಗೆ ನಮ್ಮ ಹುಡುಗ ಸುರಾಹಿಯ ಕಪಾಟು ತೋರಿಸುತ್ತಾನೆ. ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ‘ಸುರಾಹಿ ಕಪಾಟು ಎಲ್ಲಿ?’ ಅಂದರೆ ಯಾರಿಗೆ ಗೊತ್ತು? ಸ್ಕ್ಯಾನ್ ಮಾಡಿದವರು, ರಿಫ್ರೆಶ್ ಒತ್ತಿದವರು, ವಾಟ್ಸಾಪ್ ಲಿಂಕಿನಿಂದ ಬಂದವರು ಎಲ್ಲ ಆ ಪುಟವನ್ನು ನೇರವಾಗಿ ಸರ್ವರ್‌ನಲ್ಲೇ ಕೇಳುತ್ತಾರೆ. ಆ ಹೆಸರಿನ ಫೈಲ್ ಅಲ್ಲಿಲ್ಲ. ಮಾಡಿದವರ ಲ್ಯಾಪ್‌ಟಾಪ್‌ನಲ್ಲಿ ಇದು ಕಾಣುವುದೂ ಇಲ್ಲ. ಸೈಟ್ ಕಟ್ಟುವಾಗ ಲ್ಯಾಪ್‌ಟಾಪ್‌ನಲ್ಲೇ ಓಡಿಸುವ ವೀಟ್‌ನಂಥ ಡೆವಲಪ್‌ಮೆಂಟ್ ಸರ್ವರ್‌ಗಳು ಸಿಗದ ಪುಟಕ್ಕೆ ತಾವಾಗಿಯೇ ಇಂಡೆಕ್ಸ್ ಫೈಲ್ ಕೊಟ್ಟುಬಿಡುತ್ತವೆ. ‘ನನ್ನ ಹತ್ತಿರ ಸರಿಯಾಗೇ ಇದೆಯಲ್ಲ’ ಅನ್ನುವ ಮಾತು ಹುಟ್ಟುವುದು ಇಲ್ಲೇ.

ನಿಜವಾದ ಕಿರಿಕಿರಿ ಶುರುವಾಗಿದ್ದು ರಿಪೇರಿಯಲ್ಲಿ.

ಮೊದಲು 404 ಬಂದರೆ ಮುಖಪುಟಕ್ಕೆ ಕಳಿಸುವ ಹಾಗೆ ಮಾಡಿದರು. ಸುರಾಹಿ ಸ್ಕ್ಯಾನ್ ಮಾಡಿದರೂ ಮುಖಪುಟ, ಪಾನ್‌ದಾನ್ ಸ್ಕ್ಯಾನ್ ಮಾಡಿದರೂ ಮುಖಪುಟ. ಎರರ್ ಕಾಣುವುದಿಲ್ಲ, ಅಷ್ಟೇ. ಆಮೇಲೆ ವಿಳಾಸದಲ್ಲಿ ಹ್ಯಾಶ್ ಚಿಹ್ನೆ ಸೇರಿಸಿದರು. ಹ್ಯಾಶ್‌ನ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ, ಹಾಗಾಗಿ 404ರ ಗೊಡವೆ ಇಲ್ಲ. ಹೊಸ ಸೈಟ್‌ಗೆ ಅದು ನಡೆದೀತು. ಆದರೆ ನಮ್ಮ ಕಾರ್ಡ್‌ಗಳು ಆಗಲೇ ಹ್ಯಾಶ್ ಇಲ್ಲದ ವಿಳಾಸದೊಂದಿಗೆ ಊರೂರು ಸೇರಿದ್ದವು. ಅವಕ್ಕೇನು ಉಪಯೋಗ?

ಮೂರನೆಯದು ಎಲ್ಲಕ್ಕಿಂತ ನಾಜೂಕಿನ ಮೋಸ. 404 ಪುಟದ ಜಾಗದಲ್ಲೇ ಇಂಡೆಕ್ಸ್ ಫೈಲ್ ಇಟ್ಟರು. ಕಣ್ಣಿಗೆ ಎಲ್ಲ ಸರಿ. ಆದರೆ ಸರ್ವರ್ ಒಳಗೊಳಗೇ 404 ಅಂತಲೇ ಉತ್ತರ ಕೊಡುತ್ತಿತ್ತು. 404 ಕೊಡುವ ಪುಟವನ್ನು ಗೂಗಲ್ ತನ್ನ ಪಟ್ಟಿಗೆ ಸೇರಿಸುವುದಿಲ್ಲ. ಇದನ್ನು ಹಿಡಿಯಬೇಕಾದರೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಅನ್ನುವ ಕಡೆ ಹೋಗಿ, ಪುಟ ರಿಫ್ರೆಶ್ ಮಾಡಿ, ಮೊದಲ ಸಾಲಿನ ಸ್ಟೇಟಸ್ ನೋಡಬೇಕು. ಅಲ್ಲಿ 200, ಅಂದರೆ ‘ಪುಟ ಸಿಕ್ಕಿತು’ ಅಂತ ಇರಬೇಕು.

ಸರಿಯಾದ ದಾರಿ ಒಂದೇ ಸಾಲಿನದು. ಅಪಾಚೆ ಸರ್ವರ್ ಆದರೆ ‘ಫಾಲ್‌ಬ್ಯಾಕ್ ರಿಸೋರ್ಸ್’, ಎಂಜಿನ್‌ಎಕ್ಸ್ ಆದರೆ ‘ಟ್ರೈ ಫೈಲ್ಸ್’ ಅನ್ನುವ ಸೂಚನೆ. ಕೇಳಿದ ಫೈಲ್ ಇದ್ದರೆ ಅದನ್ನು ಕೊಡು, ಇಲ್ಲದಿದ್ದರೆ ಇಂಡೆಕ್ಸ್ ಫೈಲ್ ಕೊಡು, ವಿಳಾಸ ಮುಟ್ಟಬೇಡ. ಇಷ್ಟೇ ಅದರ ಅರ್ಥ.

ಕೊನೆಗೆ ಅದನ್ನೂ ಹಾಕಿದರು. ಆಗ ಪುಟ ಪೂರ್ತಿ ಖಾಲಿ! ಮುಖಪುಟ ಮಾತ್ರ ಸರಿ, ಒಳಪುಟ ಎಲ್ಲ ಬೆಳ್ಳಗೆ. ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಅಂತ ಬರೆದು ಪಕ್ಕದಲ್ಲಿ ‘<’ ಚಿಹ್ನೆ. ಇದನ್ನು ನೋಡಿ ಕೋಡ್ ಹಾಳಾಗಿದೆ, ಹೊಸದಾಗಿ ಬರೆಯಬೇಕು, ಅದಕ್ಕೆ ಬೇರೆ ಚಾರ್ಜ್ ಅಂದರು. ಕೋಡ್‌ಗೆ ಏನೂ ಆಗಿರಲಿಲ್ಲ. ಇಂಡೆಕ್ಸ್ ಫೈಲಿನಲ್ಲಿ ಸ್ಕ್ರಿಪ್ಟ್‌ನ ದಾರಿ ಚುಕ್ಕಿಯಿಂದ ಶುರುವಾಗಿತ್ತು, ಅಂದರೆ ‘ಈಗಿರುವ ಫೋಲ್ಡರ್‌ನಲ್ಲೇ ಹುಡುಕು’ ಅಂತ. ಒಳಪುಟದಲ್ಲಿ ನಿಂತ ಬ್ರೌಸರ್ ಇಲ್ಲದ ಫೋಲ್ಡರ್‌ನಲ್ಲಿ ಸ್ಕ್ರಿಪ್ಟ್ ಹುಡುಕಿತು. ಫೈಲ್ ಇಲ್ಲವಲ್ಲ, ಸರ್ವರ್ ಹೊಸ ನಿಯಮದ ಪ್ರಕಾರ ಇಂಡೆಕ್ಸ್ ಫೈಲನ್ನೇ ಕೊಟ್ಟಿತು. ಜಾವಾಸ್ಕ್ರಿಪ್ಟ್ ಅಂದುಕೊಂಡು ಓದಿದರೆ ಒಳಗೆ ಎಚ್‌ಟಿಎಂಎಲ್. ದಾರಿಯ ಮೊದಲಿಗೆ ಚುಕ್ಕಿ ತೆಗೆದು ಬರೀ ಸ್ಲ್ಯಾಶ್ ಇಟ್ಟರೆ ಮುಗಿಯಿತು. ಇದಕ್ಕೆ ಹೊಸ ಸೈಟಿನ ರೇಟ್ ಕೇಳಿದರೆ ಒಪ್ಪಬೇಡಿ.

ಇನ್ನೊಂದೆರಡು ಮಾತು ಮೊದಲೇ ಕರಾರು ಮಾಡಿಕೊಳ್ಳಿ. ಸ್ಕ್ರಿಪ್ಟ್ ಮತ್ತು ಚಿತ್ರಗಳ ಫೋಲ್ಡರ್, ಎಪಿಐ ವಿಳಾಸಗಳು (ಸೈಟ್ ಮಾಹಿತಿ ತರಿಸಿಕೊಳ್ಳುವ ವಿಳಾಸಗಳು) ಈ ನಿಯಮದಿಂದ ಹೊರಗಿರಲಿ. ಅಲ್ಲಿ ಇಲ್ಲದ್ದಕ್ಕೆ ನಿಜವಾದ 404 ಬರಬೇಕು. ಇಂಡೆಕ್ಸ್ ಫೈಲನ್ನು ಬ್ರೌಸರ್ ಪ್ರತಿ ಸಲವೂ ಸರ್ವರ್‌ನಲ್ಲಿ ವಿಚಾರಿಸಿಯೇ ಬಳಸುವ ಹಾಗಿರಲಿ. ಇಲ್ಲದಿದ್ದರೆ ಸೈಟ್ ಬದಲಿಸಿದ ಮೇಲೆ ಹಳೆ ಗಿರಾಕಿಗಳ ಫೋನ್ ಅಳಿಸಿಹೋದ ಸ್ಕ್ರಿಪ್ಟ್ ಕೇಳುತ್ತಾ ಕೂರುತ್ತದೆ. ತಪ್ಪು ವಿಳಾಸಕ್ಕೆ ‘ಈ ಪುಟ ಇಲ್ಲ’ ಅಂತ ಹೇಳುವ ಪುಟವನ್ನೂ ಸೈಟಿನ ರೂಟರ್‌ನಲ್ಲಿ, ಅಂದರೆ ಯಾವ ವಿಳಾಸಕ್ಕೆ ಯಾವ ಪುಟ ಅಂತ ನೋಡುವ ಜಾವಾಸ್ಕ್ರಿಪ್ಟ್ ಭಾಗದಲ್ಲಿ, ಇಡಿಸಿ.

ಅಭಿಮಾನದಿಂದ ವಿಳಾಸವನ್ನೂ ಕನ್ನಡದಲ್ಲೇ ಇಡುವವರಿಗೆ ಒಂದು ಮಾತು. ಪುಟದ ಹೆಸರು ಕನ್ನಡದಲ್ಲಿರಲಿ, ಕ್ಯೂಆರ್ ಮಾಡುವ ವಿಳಾಸದಲ್ಲಿ ಬೇಡ. ಲಿಂಕ್ ಆಗುವಾಗ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ ಒಂಬತ್ತು ಇಂಗ್ಲಿಷ್ ಅಕ್ಷರದಷ್ಟು ಉದ್ದವಾಗುತ್ತದೆ. ‘ಹೂಜಿ’ ಅಂದರೆ 36. ಕೋಡ್ ಒತ್ತಾಗಿ, ಸಣ್ಣ ಕಾರ್ಡ್‌ನಲ್ಲಿ ಸ್ಕ್ಯಾನ್ ಆಗುವುದೇ ಕಷ್ಟ. ನಿಮ್ಮದೇ ಡೊಮೈನ್, ಆಮೇಲೆ ಒಂದು ಸಂಖ್ಯೆ, ಸಾಕು. ಬೇರೆಯವರ ಶಾರ್ಟ್ ಲಿಂಕ್ ಮಾತ್ರ ಹಾಕಿಸಬೇಡಿ. ಕೋಡ್ ನಮ್ಮ ಡೊಮೈನ್‌ನದೇ ಆಗಿದ್ದಕ್ಕೆ ನಾವು ಕಾರ್ಡ್ ಮತ್ತೆ ಪ್ರಿಂಟ್ ಹಾಕಿಸದೆ ಪಾರಾದೆವು.

ಈಗ ಹಳೆ ಕಾರ್ಡ್‌ಗಳೆಲ್ಲ ತೆರೆಯುತ್ತಿವೆ. ಹ್ಯಾಶ್ ಇದ್ದ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಹಂಚಿದ ಲಿಂಕ್‌ಗಳು ಮಾತ್ರ ಬಾಕಿ. ‘ಸರ್ವರ್‌ನಲ್ಲೇ ರೀಡೈರೆಕ್ಟ್ ಹಾಕಿಕೊಡ್ತೀನಿ’ ಅಂತ ಒಬ್ಬರು ರೇಟ್ ಹೇಳಿದ್ದಾರೆ. ಹ್ಯಾಶ್ ಸರ್ವರ್‌ಗೆ ಕಾಣುವುದೇ ಇಲ್ಲ ಅಂದಮೇಲೆ ಅದು ಹೇಗೆ ಸಾಧ್ಯ? ಇಂಡೆಕ್ಸ್ ಫೈಲಿನ ತಲೆಯಲ್ಲೇ ನಾಲ್ಕು ಸಾಲು ಸ್ಕ್ರಿಪ್ಟ್ ಬರೆದು ಬ್ರೌಸರ್‌ನಲ್ಲೇ ತಿರುಗಿಸಬೇಕು. ಅದನ್ನು ಈ ಸಲ ನಾನೇ ಬರೆಯುತ್ತಿದ್ದೇನೆ.