ಕುದುರೆಮುಖದಲ್ಲಿ ಟ್ರೇಲ್ ರನ್ ಅಂತ ಹಣ ಕೇಳಿದರೆ ಮೊದಲು ಪರ್ಮಿಷನ್ ಕಾಗದ ನೋಡಿ

ಉಡುಪಿ, ಮಣಿಪಾಲ, ಮಂಗಳೂರಿನ ಓಟಗಾರರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಮತ್ತೆ ಪೋಸ್ಟರ್ ಓಡಾಡುತ್ತಿದೆ. ಕುದುರೆಮುಖದಲ್ಲಿ ಟ್ರೇಲ್ ರನ್ (ಗುಡ್ಡ, ಕಾಡಿನ ದಾರಿಯ ಓಟ), 26 ಕಿಲೋಮೀಟರ್ ಲೂಪ್ (ಸುತ್ತು ದಾರಿ), ಊಟ ತಿಂಡಿ ಜೀಪು ಎಲ್ಲ ಸೇರಿ ಇಷ್ಟು ದುಡ್ಡು. ಕೆಳಗೆ ಒಂದು ಸಾಲು: ‘ಪರ್ಮಿಷನ್ ನಾವು ಮಾಡಿಸಿದ್ದೇವೆ, ನೀವು ಶೂ ಹಾಕಿಕೊಂಡು ಬನ್ನಿ ಸಾಕು.’ ಇಂಥದ್ದೇ ಪೋಸ್ಟರ್ ನೋಡಿ ಹಣ ಕಟ್ಟಿ ಹೋದವರಲ್ಲಿ ನಾನೂ ಒಬ್ಬಳು. ಅರಣ್ಯ ಇಲಾಖೆಯ ಪರ್ಮಿಷನ್ ಇರಲೇ ಇಲ್ಲ. ನಮ್ಮ ಜೊತೆ ಬಂದ ಹುಡುಗಿಯೊಬ್ಬಳು ಕಾಲು ಮುರಿದುಕೊಂಡಳು. ಆಯೋಜಕರ ಹೆಸರು ಇಲ್ಲಿ ಹಾಕುತ್ತಿಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ, ಹಾಗಾಗಿ ಏನಾಯಿತು ಅಂತ ಬಿಡಿಸಿ ಹೇಳುವುದೇ ಜಾಸ್ತಿ ಉಪಯೋಗ.

ಮೊದಲು ಆ ಲೂಪ್ ವಿಷಯ. ಕುದುರೆಮುಖ ಶಿಖರ 1,894 ಮೀಟರ್ ಎತ್ತರ. ಅಲ್ಲಿಗೆ ಅರಣ್ಯ ಇಲಾಖೆ ಬಿಡುವ ದಾರಿ ಮುಳ್ಳೋಡಿ ಕಡೆಯಿಂದ. ಕಳಸದ ಹತ್ತಿರ ಸಂಸೆ, ಬಾಳೆಗಲ್ ದಾಟಿ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ಗೈಡ್ ಜೊತೆ ಹತ್ತಬೇಕು. ಲೋಬೋ ಮನೆ, ಒಂಟಿಮರ, ಆಮೇಲೆ ಹುಲ್ಲುಗುಡ್ಡಗಳು, ನಡುನಡುವೆ ಶೋಲಾ, ಅಂದರೆ ಕಣಿವೆಗಳಲ್ಲಿನ ದಟ್ಟ ಕಾಡು. ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ಹತ್ತಿದ ದಾರಿಯಲ್ಲೇ ವಾಪಸ್ ಇಳಿಯಬೇಕು. ಸುತ್ತು ಹಾಕಿ ಇನ್ನೊಂದು ಕಡೆ ಇಳಿಯುವುದಕ್ಕೆ ಪರ್ಮಿಷನ್ ಸಿಗುವುದಿಲ್ಲ. ಪೋಸ್ಟರಿನ ನಕ್ಷೆಯಲ್ಲಿ ಗೆರೆ ಗುಡ್ಡವನ್ನು ಸುತ್ತಿ ಬಂದಿದ್ದರೆ, ಅದು ಯಾರೋ ಕದ್ದು ಓಡಿದ ದಾರಿ ಅಂತಲೇ ತಿಳಿಯಿರಿ.

ನಮ್ಮನ್ನು ಮುಳ್ಳೋಡಿಗೆ ಕರೆದುಕೊಂಡು ಹೋಗಲೇ ಇಲ್ಲ. ಸಂಸೆ ಕಡೆಯ ಹೋಮ್‌ಸ್ಟೇಯಿಂದ ಇನ್ನೂ ಕತ್ತಲಿರುವಾಗಲೇ ಎಬ್ಬಿಸಿ, ಒಂದು ತೋಟದ ಹಿಂದಿನ ಗೇಟಿನ ಹತ್ತಿರ ಇಳಿಸಿದರು. ‘ಆ ಕಡೆ ಟ್ರೆಕ್ಕಿಂಗ್‌ನವರ ರಶ್, ಇಲ್ಲಿಂದಾದರೆ ಆರಾಮಾಗಿ ಓಡಬಹುದು’ ಎಂದರು. ಗೈಡ್ ಎಲ್ಲಿ ಅಂತ ನಮ್ಮಲ್ಲೇ ಹಿರಿಯರೊಬ್ಬರು ಕೇಳಿದರು. ‘ಗೈಡ್‌ಗೆ ನಮ್ಮೊಟ್ಟಿಗೆ ಓಡ್ಲಿಕ್ಕೆ ಆಗ್ತದಾ ಸರ್? ಜಿಪಿಎಕ್ಸ್ ಕಳಿಸಿದ್ದೇವಲ್ಲ, ವಾಚಿಗೆ ಹಾಕ್ಕೊಳ್ಳಿ’ ಅಂದುಬಿಟ್ಟರು. ಪರ್ಮಿಷನ್ ಕಾಗದ ತೋರಿಸಿ ಅಂದಾಗ, ‘ಅದು ಕೆಳಗೆ ಬ್ಯಾಗಿನಲ್ಲುಂಟು’ ಎಂದರು. ಬ್ಯಾಗು ಕೊನೆವರೆಗೂ ಬರಲಿಲ್ಲ.

ಜಿಪಿಎಕ್ಸ್, ಅಂದರೆ ವಾಚಿನಲ್ಲಿ ದಾರಿ ತೋರಿಸುವ ಫೈಲ್, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾರೋ ಒಬ್ಬರು ಒಂದು ದಿನ ಹೋದ ಗೆರೆ ಅದು, ಅಷ್ಟೇ. ಬೇಸಿಗೆಯಲ್ಲಿ ಒಣಗಿದ ಹುಲ್ಲಿನ ಮೇಲೆ ದಾರಿ ಚೆನ್ನಾಗಿ ಕಾಣುತ್ತದೆ. ನಾವು ಹೋದದ್ದು ಮಳೆಗಾಲ ಮುಗಿದ ಹೊಸತರಲ್ಲಿ. ಹುಲ್ಲು ಎದೆಮಟ್ಟ ಬೆಳೆದಿತ್ತು, ಇಬ್ಬನಿಯಲ್ಲಿ ತೊಯ್ದು ಬಾಗಿತ್ತು. ಕಾಲಿಡುವ ಜಾಗದಲ್ಲಿ ಮಣ್ಣಿದೆಯೋ, ಕಲ್ಲಿದೆಯೋ, ನೀರು ಕೊರೆದ ಗುಂಡಿ ಇದೆಯೋ ಗೊತ್ತೇ ಆಗುತ್ತಿರಲಿಲ್ಲ. ಅದರ ಮೇಲೆ ಮಂಜು. ಮುಂದೆ ಓಡುತ್ತಿದ್ದವರ ಕೇಸರಿ ಜಾಕೆಟ್ ಹತ್ತು ಹೆಜ್ಜೆಯಲ್ಲಿ ಮಾಯವಾಗುತ್ತಿತ್ತು. ವಾಚ್ ಮಾತ್ರ ದಾರಿ ತಪ್ಪಿದಿರಿ, ದಾರಿ ತಪ್ಪಿದಿರಿ ಅಂತ ನಡುಗುತ್ತಲೇ ಇತ್ತು. ಗೆರೆ ತೋರಿಸಿದ ಕಡೆ ಹೋದರೆ ಎದುರಿಗೆ ಶೋಲಾದ ದಟ್ಟ ಪೊದೆ. ಎಡಕ್ಕೆ ಹೊರಳಿದರೆ ಕಣಿವೆ. ಕುದುರೆಮುಖದ ಪಶ್ಚಿಮದ ಅಂಚು ಒಮ್ಮೆಲೇ ಕರಾವಳಿಯ ಕಡೆಗೆ ಕುಸಿಯುತ್ತದೆ ಅಂತ ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಮಂಜಿನಲ್ಲಿ ಆ ಅಂಚು ಕಾಣುವುದಿಲ್ಲ.

ಒಂದು ಇಳಿಜಾರಿನಲ್ಲಿ ಮಂಗಳೂರಿನ ಆ ಹುಡುಗಿ ಬಿದ್ದಳು. ಹುಲ್ಲಿನಡಿಯ ಗುಂಡಿಗೆ ಎಡಗಾಲು ಹೋಗಿ, ದೇಹ ಮುಂದಕ್ಕೆ ಹೋಯಿತು. ಟಕ್ ಅಂತ ಸದ್ದು ನನಗೂ ಕೇಳಿಸಿತು. ಶೂ ಬಿಚ್ಚುವಷ್ಟರಲ್ಲಿ ಪಾದದ ಗಂಟು ಊದಿ, ಸಾಕ್ಸ್ ಇಳಿಸಲಿಕ್ಕೇ ಆಗಲಿಲ್ಲ. ಕತ್ತರಿಸಿದೆವು. ಒಳಗೆ ಇಂಬಳಗಳು ಆಗಲೇ ರಕ್ತ ಕುಡಿದು ದಪ್ಪಗಾಗಿದ್ದವು. ನೆಟ್‌ವರ್ಕ್ ಇಲ್ಲ. ಎಲ್ಲರ ಹಿಂದೆ ಬರುತ್ತೇನೆ ಎಂದಿದ್ದ ವಾಲಂಟಿಯರ್ ಪತ್ತೆ ಇಲ್ಲ. ಆಯೋಜಕರು ಹಂಚಿದ್ದ ‘ಫಸ್ಟ್ ಏಡ್ ಕಿಟ್’ ತೆರೆದರೆ ನಾಲ್ಕು ಬ್ಯಾಂಡ್‌ಏಡ್, ಒಂದು ನೋವಿನ ಮುಲಾಮು. ನಮ್ಮದೇ ಟೀ ಶರ್ಟ್ ಹರಿದು ಕಾಲು ಕಟ್ಟಿದೆವು.

ಅಲ್ಲಿ ಕೂತಿದ್ದಾಗ ಕೆಳಗಿನ ಪೊದೆಯಿಂದ ಬುಸ್ ಅಂತ ಉಸಿರು ಬಿಟ್ಟ ಸದ್ದು ಬಂತು. ಕಾಟಿ, ಅಂದರೆ ಕಾಡುಕೋಣ. ಒಂದಲ್ಲ, ಹಿಂಡು. ಹತ್ತಿರದಲ್ಲೇ ಹಸಿ ಸಗಣಿ ಬಿದ್ದಿದ್ದನ್ನು ಅಲ್ಲಿವರೆಗೆ ಯಾರೂ ಗಮನಿಸಿರಲಿಲ್ಲ. ನಾವು ಉಸಿರು ಬಿಗಿ ಹಿಡಿದು ಕೂತೆವು. ಅವು ತಮ್ಮ ಪಾಡಿಗೆ ಹೋದವು, ನಮ್ಮ ಪುಣ್ಯ. ಆದರೆ ಯೋಚಿಸಿ, ನಡೆಯುವವರ ಮಾತು, ಕೋಲಿನ ಸದ್ದು ಪ್ರಾಣಿಗಳಿಗೆ ದೂರದಿಂದಲೇ ಕೇಳುತ್ತದೆ, ಅವು ಸರಿದು ಹೋಗುತ್ತವೆ. ಒಬ್ಬರೇ ತಿರುವಿನಿಂದ ದಡದಡ ಓಡಿ ಬಂದರೆ ಕಾಟಿಗೂ ಗಾಬರಿ, ಮರಿ ಇರುವ ಕರಡಿಗೂ ಗಾಬರಿ. ಕಾಡಿನ ತಿರುವಿನಲ್ಲಿ ಓಡುವುದೇ ಸರಿಯಲ್ಲ ಅಂತ ನನಗೆ ಈಗ ಬಲವಾಗಿ ಅನಿಸಿದೆ. ಮಲ್ಪೆ ಬೀಚು, ಮಣಿಪಾಲದ ಎಂಡ್ ಪಾಯಿಂಟ್ ಬೇರೆ. ಇದು ಪ್ರಾಣಿಗಳ ಮನೆ.

ಮಂಜು ಸ್ವಲ್ಪ ತಿಳಿಯಾದ ಮೇಲೆ ಸರದಿಯಲ್ಲಿ ಅವಳನ್ನು ಬೆನ್ನಿಗೆ ಹಾಕಿಕೊಂಡು ಇಳಿದೆವು. ತೋಟದ ಅಂಚಿನಲ್ಲಿ ಸಿಕ್ಕಿದ ಅಜ್ಜ ಒಬ್ಬರು ನಮ್ಮನ್ನು ನೋಡಿ, ‘ಎಂತ ಮಾರಾಯ್ರೇ, ಈ ಕಡೆಯಿಂದ ಯಾರು ಬಿಟ್ಟದ್ದು ನಿಮ್ಮನ್ನು?’ ಎಂದು ಕೇಳಿ, ಜೀಪು ತರಿಸಿದ್ದು ಅವರೇ. ಅವರ ಮನೆಯ ಹೆಂಗಸರು ಉಪ್ಪು ಹಾಕಿ ಇಂಬಳ ಬಿಡಿಸಿ, ಬಿಸಿ ಗಂಜಿ ಕೊಟ್ಟರು. ಆ ಮನೆಯವರ ಋಣ ದೊಡ್ಡದು.

ಅಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡ್‌ಗಳು ಬಂದರು. ಆಯೋಜಕರೂ ಅಲ್ಲೇ ಇದ್ದರು. ಅವರು ಏನು ಹೇಳಿದರು ಗೊತ್ತಾ? ‘ಇವರೆಲ್ಲ ಫ್ರೆಂಡ್ಸ್ ಸರ್, ಅವರಾಗಿಯೇ ಬಂದದ್ದು. ನಾವು ಬರೀ ರೂಮ್ ಮಾಡಿಕೊಟ್ಟದ್ದು.’ ನಮ್ಮ ಎದುರಿಗೇ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವುದೇ ಅಪರಾಧ. ಹೆಸರು, ಆಧಾರ್ ನಂಬರ್ ಬರೆಸಿಕೊಂಡದ್ದು ನಮ್ಮದು. ಹಣ ಕಟ್ಟಿದ ಸ್ಕ್ರೀನ್‌ಶಾಟ್ ತೋರಿಸಿದ ಮೇಲೆಯೇ ಗಾರ್ಡ್‌ಗಳು ನಮ್ಮ ಮಾತು ಕೇಳಿದ್ದು. ಹಾಗಾಗಿ ಚಾಟ್, ಪೋಸ್ಟರ್, ಯುಪಿಐ ರಸೀದಿ ಯಾವುದನ್ನೂ ಡಿಲೀಟ್ ಮಾಡಬೇಡಿ.

ಮಾಳ ಘಾಟಿ ಇಳಿದು ಕಾರ್ಕಳಕ್ಕೆ ಬಂದು ಎಕ್ಸ್‌ರೇ ತೆಗೆಸಿದಾಗ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆ ಖರ್ಚು ಕೇಳಿದ್ದಕ್ಕೆ ಆಯೋಜಕರು, ‘ರಿಸ್ಕ್ ಫಾರ್ಮ್‌ಗೆ ಸಹಿ ಹಾಕಿದ್ದೀರಿ’ ಎಂದರು. ಮರುದಿನ ನಮ್ಮೆಲ್ಲರನ್ನೂ ಗ್ರೂಪಿನಿಂದ ತೆಗೆದರು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಆದದ್ದು, 600 ಚದರ ಕಿಲೋಮೀಟರ್ ಕಾಡು. ಅದರಲ್ಲಿ ಚಾರಣಕ್ಕೆ ಬಿಡುವುದು ಕುದುರೆಮುಖ, ಕುರಿಂಜಾಲ್, ಗಂಗಡಿಕಲ್ಲಿನಂಥ ಕೆಲವೇ ದಾರಿಗಳಲ್ಲಿ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಫೋಟೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಇಲಾಖೆ ಬಿಗಿ ಮಾಡಿತು. ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ದಿನ, ದಾರಿ ಆರಿಸಿ, ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿ ಕೊಟ್ಟು ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಒಳಗೆ ಟೆಂಟ್ ಹಾಕುವ ಹಾಗಿಲ್ಲ. ಮಳೆ ಜೋರಿದ್ದಾಗ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಇದ್ದಾಗ ದಾರಿ ಮುಚ್ಚುವುದೂ ಉಂಟು. ಆಯೋಜಕರು ಬುಕ್ ಮಾಡಿದ್ದಾರೆ ಅಂದರೆ ಅದರಲ್ಲಿ ನಿಮ್ಮ ಹೆಸರು ಇರಲೇಬೇಕು. ಹಣ ಕಳಿಸುವ ಮೊದಲು ಆ ಪಿಡಿಎಫ್ ತರಿಸಿಕೊಂಡು ಹೆಸರು, ತಾರೀಕು, ದಾರಿ ಮೂರನ್ನೂ ನೋಡಿ. ಅನುಮಾನ ಬಂದರೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೇ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು, ಇದನ್ನು ಯಾರೂ ಪೋಸ್ಟರಿನಲ್ಲಿ ಹಾಕುವುದಿಲ್ಲ. ಮಲೆನಾಡಿನ ಕಾಡಿನಲ್ಲಿ ಉಣ್ಣೆಗಳಿಂದ (ಮೈಗೆ ಹತ್ತಿ ರಕ್ತ ಹೀರುವ ಉಣುಗು ಹುಳು) ಮಂಗನ ಕಾಯಿಲೆ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ. ಚಳಿಗಾಲದಿಂದ ಬೇಸಿಗೆವರೆಗೆ, ಅಂದರೆ ಸರಿಯಾಗಿ ಚಾರಣದ ಸಮಯದಲ್ಲೇ, ಇದರ ಕಾಟ ಜಾಸ್ತಿ. ದಾರಿ ಬಿಟ್ಟು ಪೊದೆಯಲ್ಲಿ ಚಡ್ಡಿ ಹಾಕಿಕೊಂಡು ನುಗ್ಗುವ ಓಟಗಾರರಿಗೆ ಉಣ್ಣೆ ಹತ್ತುವುದು ಸುಲಭ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಆಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಈಗ ಓಡಾಡುತ್ತಿರುವ ಪೋಸ್ಟರಿನಲ್ಲಿರುವ ನಕ್ಷೆ ನಾವು ಹೋದ ಗೆರೆಯೇ, ಬಣ್ಣ ಮಾತ್ರ ಬೇರೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರು ಇವತ್ತೇ ಪಿಡಿಎಫ್ ಕೇಳಿ. ಕೊಡದಿದ್ದರೆ ಹಣ ವಾಪಸ್ ಕೊಡಿ ಅಂತ ಬರಹದಲ್ಲೇ ಹಾಕಿ, ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ವಂಚನೆ ಅಂತ ಖಾತ್ರಿಯಾದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಬೇಗ ಕೊಟ್ಟಷ್ಟು ಒಳ್ಳೆಯದು. ನಮ್ಮ ಜೊತೆ ಬಂದಿದ್ದವರೆಲ್ಲ ಸೇರಿ ಗ್ರಾಹಕರ ವೇದಿಕೆಗೆ ಹೋಗಲು ಕಾಗದ ಜೋಡಿಸುತ್ತಿದ್ದೇವೆ. ಆ ಆಯೋಜಕರ ಕೈಯಲ್ಲಿ ಹಣ ಕಳೆದುಕೊಂಡವರು ಇದ್ದರೆ ರಸೀದಿ ತೆಗೆದಿಟ್ಟು ನಮ್ಮ ಜೊತೆ ಸೇರಿಕೊಳ್ಳಿ.