ಹತ್ತು ಮ್ಯಾಕರಾನ್, ಅದರಲ್ಲಿ ಒಂದು ಸೋಪು

ಲ್ಯಾವೆಂಡರ್ ಮ್ಯಾಕರಾನ್ ಅರ್ಧ ಕಚ್ಚಿದ ತಂಗಿ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಅಕ್ಕಾ, ಇದು ಸ್ನಾನದ ಸೋಪು ಕಣೇ." ಉಳಿದರ್ಧವನ್ನು ನಾನು ಬಾಯಿಗೆ ಹಾಕಿಕೊಂಡೆ. ಅವಳು ಹೇಳಿದ್ದು ನಿಜ. ದುಡ್ಡು ಕೊಟ್ಟು ಸೋಪು ತಿಂದಿದ್ದೆವು.

ಪ್ಯಾರಿಸ್‌ನಲ್ಲಿ ಐದು ದಿನ ಇದ್ದೆವು. ಮ್ಯಾಕರಾನ್ ಅಂದರೆ ಎರಡು ಬಿಲ್ಲೆಗಳ ನಡುವೆ ಹೂರಣ ಇಟ್ಟ ಅಲ್ಲಿನ ಸಿಹಿ ತಿಂಡಿ. ಚಾಕೊಲೇಟ್, ಸ್ಟ್ರಾಬೆರಿ, ವೆನಿಲ್ಲಾದಂಥ ಗೊತ್ತಿರುವ ರುಚಿಗಳನ್ನು ಮುಟ್ಟಬಾರದು, ಹೆಸರು ಕೇಳಿದರೆ ಹುಬ್ಬೇರಬೇಕು, ಅಂಥದ್ದನ್ನೇ ತಿನ್ನಬೇಕು ಅಂತ ವಿಮಾನದಲ್ಲೇ ಮಾತಾಡಿಕೊಂಡಿದ್ದೆವು. ಒಟ್ಟು ಹತ್ತು ಬಗೆ ಆಯಿತು. ಒಂದೊಂದನ್ನೂ ಇಬ್ಬರೂ ಅರ್ಧರ್ಧ ಹಂಚಿಕೊಂಡು ತಿಂದೆವು.

ತಿನ್ನುತ್ತಾ ತಿನ್ನುತ್ತಾ ಒಂದು ವಿಷಯ ಗೊತ್ತಾಯಿತು. ಮ್ಯಾಕರಾನ್‌ನ ಎರಡು ಬಿಲ್ಲೆಗಳಿಗೆ ಬೇಕಾಗುವುದು ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿ, ಅಷ್ಟೇ. ಆ ಹಿಟ್ಟಿಗೆ ಹಣ್ಣಿನ ರಸದಂಥ ನೀರಿನ ಪದಾರ್ಥ ಹಾಕಿದರೆ ಬಿಲ್ಲೆ ಕೆಡುತ್ತದೆ. ಹಾಗಾಗಿ ಅದಕ್ಕೆ ಸಾಮಾನ್ಯವಾಗಿ ಬಣ್ಣ ಮಾತ್ರ ಹಾಕುತ್ತಾರೆ. ರುಚಿಯೆಲ್ಲಾ ನಡುವಿನ ಹೂರಣದಲ್ಲಿರುತ್ತದೆ. ಹೊರಗಡೆ ಯಾವಾಗಲೂ ಸಿಹಿಯೋ ಸಿಹಿ. ಒಳಗೆ ಹುಳಿ, ಉಪ್ಪು, ಕಹಿ, ಏನಾದರೂ ಒಂದು ಆ ಸಕ್ಕರೆಯ ಜೊತೆ ಜಗಳಕ್ಕೆ ನಿಲ್ಲಬೇಕು. ಇಲ್ಲದಿದ್ದರೆ ಎಷ್ಟೇ ವಿಚಿತ್ರವಾದ ಹೆಸರಿಟ್ಟರೂ ಸಕ್ಕರೆಯೇ ಗೆಲ್ಲುತ್ತದೆ.

ಮ್ಯಾಕರಾನ್‌ಗೆ ಹೆಸರಾದ ಪಿಯೆರ್ ಎರ್ಮೆ ಅವರ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ರ್ಯೂ ಬೊನಪಾರ್ತ್ ಬೀದಿಯಲ್ಲಿ ಇರುವ ಚಿಕ್ಕ ಅಂಗಡಿಗೆ ಹೋದೆವು. ಒಡವೆ ಅಂಗಡಿಗೆ ಹೋದ ಹಾಗೆ ಆಗುತ್ತದೆ, ಸುಮ್ನೆ ದನಿ ತಗ್ಗಿಸಿ ಮಾತಾಡಬೇಕು ಅನಿಸುತ್ತದೆ. ನಾವು ಹೋದಾಗ ಒಂದಕ್ಕೆ ಹತ್ತಿರ ಹತ್ತಿರ ಮೂರು ಯೂರೋ ಇತ್ತು. ಹೌದು, ಜಾಸ್ತಿನೇ. ಒಳಗೆ ಹೋದ ಕೂಡಲೇ 'ಬೊನ್‌ಜೂರ್', ಅಂದರೆ ನಮಸ್ಕಾರ, ಅನ್ನಿ, ಆಮೇಲೆ ಬೆರಳು ತೋರಿಸಿ. ಮೊದಲೇ ಬೆರಳು ತೋರಿಸಿದರೆ ಆ ಊರಿನಲ್ಲಿ ಮುಖ ಗಂಟಾಗುತ್ತದೆ.

ಡಬ್ಬಿ ಹಿಡಿದುಕೊಂಡು ಪಕ್ಕದ ಸ್ಯಾಂ ಸುಲ್ಪೀಸ್ ಚೌಕದಲ್ಲಿ, ಸಿಂಹಗಳಿರುವ ಕಾರಂಜಿಯ ಎದುರು ಬೆಂಚಿನ ಮೇಲೆ ಕೂತೆವು. ಮೊದಲು ಇಸ್ಪಹಾನ್. ಗುಲಾಬಿ, ಲಿಚಿ, ರಾಸ್‌ಬೆರಿ ಮೂರೂ ಸೇರಿದ್ದು. ಅದೇ ಹೆಸರಿನ ಗುಲಾಬಿ ತಳಿಯೊಂದಿದೆ. ಗುಲಾಬಿ ಅಂದ ಕೂಡಲೇ ನನಗೆ ಭಯ, ಅತ್ತರು ಕುಡಿದ ಹಾಗಾದರೆ ಅಂತ. ಆದರೆ ಗುಲಾಬಿ ವಾಸನೆ ಮೂಗಿಗೆ ಬರುವಷ್ಟರಲ್ಲಿ ರಾಸ್‌ಬೆರಿಯ ಹುಳಿ ನಾಲಿಗೆಯನ್ನು ಚುಚ್ಚುತ್ತದೆ. ಕೊನೆಯಲ್ಲಿ ಲಿಚಿ ತಣ್ಣಗೆ ಉಳಿಯುತ್ತದೆ. ಮೂರೂ ಒಂದರ ಹಿಂದೆ ಒಂದು ಬರುತ್ತವೆ, ಒಟ್ಟಿಗೆ ನುಗ್ಗುವುದಿಲ್ಲ. ಎರಡನೆಯದು ಮೊಗದೋರ್. ಮೊರಾಕ್ಕೊದ ಎಸ್ಸೌಯೀರಾ ಊರಿನ ಹಳೆಯ ಹೆಸರು ಅದು. ಒಳಗೆ ಹಾಲಿನ ಚಾಕೊಲೇಟ್ ಮತ್ತು ಪ್ಯಾಶನ್ ಫ್ರೂಟ್. ಇಲ್ಲೂ ಅದೇ ಲೆಕ್ಕ, ಹಣ್ಣಿನ ಹುಳಿ ಚಾಕೊಲೇಟಿನ ಜಿಡ್ಡನ್ನು ಕತ್ತರಿಸುತ್ತದೆ.

ಮೂರನೆಯದು ಆಲಿವ್ ಎಣ್ಣೆ ಮತ್ತು ವೆನಿಲ್ಲಾ. ವೆನಿಲ್ಲಾ ಬೇಡ ಅಂತ ನಾವೇ ಹೇಳಿಕೊಂಡಿದ್ದೆವು, ಆದರೆ ಎಣ್ಣೆ ಅಂದರೆ ಬಿಡಲು ಆಗಲಿಲ್ಲ. ಮೊದಲ ತುತ್ತಿಗೆ ಇಬ್ಬರಿಗೂ ಇಷ್ಟವಾಗಲಿಲ್ಲ. ಹಸಿ ಎಣ್ಣೆಯ ಹುಲ್ಲಿನಂಥ ವಾಸನೆ, ಗಂಟಲಲ್ಲಿ ಸಣ್ಣ ಖಾರ. ತಂಗಿ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿಟ್ಟಳು. ಹೋಟೆಲಿನ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಹೊರಗೆ ತೆಗೆದು, ಅರ್ಧ ಗಂಟೆ ಬಿಟ್ಟು ತಿಂದರೆ ಬೇರೆಯೇ ತಿಂಡಿ! ಹೂರಣದ ಪಸೆ ಬಿಲ್ಲೆಗೆ ಇಳಿದು ಮೆತ್ತಗಾಗಿತ್ತು. ಎಣ್ಣೆ, ವೆನಿಲ್ಲಾ ಎರಡೂ ಹೊಂದಿಕೊಂಡಿದ್ದವು. ಮಾಡುವವರು ಕೂಡ ತುಂಬಿದ ಮೇಲೆ ಒಂದು ದಿನ ತಣ್ಣಗೆ ಇಟ್ಟು ಆಮೇಲೆ ಮಾರುವುದು ಇದಕ್ಕೇ. ಫ್ರಿಜ್ಜಿನಿಂದ ತೆಗೆದು ನೇರ ಬಾಯಿಗೆ ಹಾಕಿದರೆ ಮಾತ್ರ ರುಚಿ ಸತ್ತಿರುತ್ತದೆ.

ಇದೇ ಎರ್ಮೆ ಕ್ರಿಸ್‌ಮಸ್ ಹೊತ್ತಿಗೆ ಚಾಕೊಲೇಟ್ ಜೊತೆ ಬಾತುಕೋಳಿ ಲಿವರ್ ಸೇರಿಸಿದ ಮ್ಯಾಕರಾನ್ ಕೂಡ ಮಾರಿದ್ದಾರೆ. ನಾವು ಹೋಗಿದ್ದು ಮೇ ತಿಂಗಳಲ್ಲಿ, ಬಚಾವ್. ಮೊಟ್ಟೆವರೆಗೆ ಸರಿ, ಅದರಾಚೆ ನನ್ನಿಂದ ಆಗದು. ಮೊಟ್ಟೆಯನ್ನೂ ತಿನ್ನದವರು ಮಾಮೂಲಿ ಮ್ಯಾಕರಾನ್ ಆಸೆ ಬಿಡುವುದೇ ಒಳ್ಳೆಯದು. ಕೆಲವು ಹೂರಣಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಕೂಡ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ.

ಲಾದುರೆ ಅನ್ನುವ ಇನ್ನೊಂದು ಹೆಸರಾದ ಅಂಗಡಿಗೂ ಹೋದೆವು. 1862ರಲ್ಲಿ ರ್ಯೂ ರಾಯಲ್‌ನಲ್ಲಿ ಬ್ರೆಡ್ ಅಂಗಡಿಯಾಗಿ ಶುರುವಾದದ್ದು. ತಿಳಿ ಹಸಿರು ಡಬ್ಬಿಯ ಫೋಟೋ ತೆಗೆಯುವವರೇ ಅಲ್ಲಿ ಜಾಸ್ತಿ. ಕಿತ್ತಳೆ ಹೂವಿನದು ಹಿತವಾಗಿತ್ತು, ಅಷ್ಟೇ. ಕಪ್ಪಗಿದ್ದ ಜ್ಯೇಷ್ಠಮಧುವಿನದು ನನಗೆ ಹಿಡಿಸಿತು, ಮೊದಲು ಔಷಧಿ, ಆಮೇಲೆ ಸಿಹಿ. ತಂಗಿ ನೀರು ಕುಡಿದಳು.

ಇನ್ನು ಸೋಪಿನ ಅಂಗಡಿ. ಪ್ರವಾಸಿಗರೇ ತುಂಬಿದ ಬೀದಿಯಲ್ಲಿದ್ದ ಒಂದು ಅಂಗಡಿ, ಹೆಸರು ಬೇಡ. ಗಾಜಿನ ಹಿಂದೆ ಕಾಮನಬಿಲ್ಲಿನ ಬಣ್ಣಗಳು. ಐದು ತೆಗೆದುಕೊಂಡೆವು. ಲ್ಯಾವೆಂಡರ್ ಮತ್ತು ಏಪ್ರಿಕಾಟ್‌ನಲ್ಲಿ ಏಪ್ರಿಕಾಟ್ ಎಲ್ಲಿಗೆ ಹೋಗಿತ್ತೋ. ಅದರ ಹುಳಿ ಇದ್ದಿದ್ದರೆ ಲ್ಯಾವೆಂಡರ್ ಸೋಪಾಗುತ್ತಿರಲಿಲ್ಲ. ಪಿಸ್ತಾದ್ದು ಗಿಳಿ ಹಸಿರು. ಶಪಥ ಮುರಿದು ತಂಗಿ ತೆಗೆದುಕೊಂಡಿದ್ದು ಅದು. ಮೂಸಿದರೆ ಪಿಸ್ತಾ ಅಲ್ಲವೇ ಅಲ್ಲ, ಕಹಿ ಬಾದಾಮಿ ಎಸೆನ್ಸ್. ಪಿಸ್ತಾ ಹೆಸರಿನಲ್ಲಿ ಅದನ್ನು ಹಾಕುವುದು ಹಳೆಯ ಚಾಳಿ. ನಿಜವಾದ ಪಿಸ್ತಾ ಅರೆದರೆ ಬರುವುದು ಮಂಕು ಹಸಿರು, ಇಷ್ಟು ಮಿಂಚುವುದಿಲ್ಲ. ಕಪ್ಪು ಎಳ್ಳಿನದರ ಬಿಲ್ಲೆ ಕಚ್ಚಿದರೆ ಒಳಗೆ ಟೊಳ್ಳು, ಮೇಲಿನ ತೊಗಟೆ ಕುಸಿದು ಪುಡಿಯೆಲ್ಲಾ ನನ್ನ ಮಡಿಲಿಗೆ. ಬೇಸಿಲ್ ಮತ್ತು ನಿಂಬೆ ಪರವಾಗಿಲ್ಲ.

ಅಚ್ಚರಿ ಅಂದರೆ ಅದೇ ಅಂಗಡಿಯ ನೀಲಿ ಚೀಸ್ ಮತ್ತು ಪೇರ್ ಹಣ್ಣಿನದು. ಡಬ್ಬಿ ತೆಗೆದಾಗ ಒದ್ದೆ ಸಾಕ್ಸ್ ವಾಸನೆ ಬಂತು. ತಿಂದರೆ ಉಪ್ಪು, ಹಿಂದೆಯೇ ಪೇರ್, ಅದರ ಹಿಂದೆ ಸಕ್ಕರೆ. ಸಕ್ಕರೆಗೆ ಸರಿಯಾದ ಎದುರಾಳಿ ಸಿಕ್ಕಿತ್ತು. ಒಂದು ಸಾಕು, ಎರಡು ತಿನ್ನಲಾಗದು. ಆ ಒಂದನ್ನು ಮಾತ್ರ ಮರೆಯಲು ಆಗುತ್ತಿಲ್ಲ.

ಕೊನೆಯ ದಿನ ಬೆಳಿಗ್ಗೆ ಮತ್ತೆ ರ್ಯೂ ಬೊನಪಾರ್ತ್. ರುಚಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುತ್ತವೆ, ಹೋದವರಿಗೆಲ್ಲಾ ಎಲ್ಲವೂ ಸಿಗುವುದಿಲ್ಲ. ನಾನು ಇಸ್ಪಹಾನ್ ಎರಡು ಕೇಳಿದೆ. ತಂಗಿ ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಬೊನ್‌ಜೂರ್ ಹೇಳಿ, ಆಲಿವ್ ಎಣ್ಣೆಯದರ ಕಡೆ ಬೆರಳು ತೋರಿಸಿ ನಾಲ್ಕು ಅಂದಳು. "ಅವತ್ತು ಬೇಡ ಅಂದಿದ್ದೆ ಅಲ್ವಾ?" ಅಂದೆ.

"ಹೂಂ. ಸುಮ್ನೆ, ಇನ್ನೊಂದು ಸಲ ನೋಡೋಣ ಅಂತ."